ಹಮ್ಜಾಕ ಕರೆದರೆ ಬರುತ್ತಿದ್ದ ಜಿಂಕೆಗಳು

ಮೊನ್ನೆ ಸಂಜೆ ಆಫೀಸಿನಿಂದ ಬರುವಾಗ ಮಸ್ಕತ್ತಿನ ಬೌಷರ್ ಸಿಗ್ನಲ್ಲಿನಲ್ಲಿ ನನ್ನ ಕಾರಿನ ಪಕ್ಕಕ್ಕೆ ಒಂದು ಪಿಕಪ್ ಬಂದು ನಿಂತಿತು. ಹಿಂದೆ ತುಂಬ ಹಸಿ ಹುಲ್ಲಿನ ಕಟ್ಟುಗಳು. ಇಲ್ಲಿಯವರು ಗತ್ ಅನ್ನುತ್ತಾರೆ, ನಮ್ಮಲ್ಲಿ ಕುದುರೆ ಮಸಾಲೆ ಎನ್ನುವ ಹುಲ್ಲು. ಎಸಿ ರಿಪೇರಿ ಕಂಪನಿಯಲ್ಲಿ ಹದಿನೇಳು ವರ್ಷದಿಂದ ದುಡಿಯುವವನ ಕಾರಿನ ಎಸಿಯೇ ಕೆಟ್ಟು ಕೂತಿದ್ದರಿಂದ ಕಿಟಕಿ ಇಳಿಸಿದ್ದೆ. ಆ ವಾಸನೆ ನೇರ ಒಳಗೆ ಬಂತು. ಸಿಗ್ನಲ್ ಹಸಿರಾದದ್ದು ನನಗೆ ಗೊತ್ತೇ ಆಗಲಿಲ್ಲ. ಹಿಂದಿನವ ಹಾರ್ನ್ ಹೊಡೆದು, ಪಕ್ಕದಿಂದ ದಾಟುವಾಗ ಕೈ ಬೀಸಿ ಏನೋ ಬೈದ. ಬೈದದ್ದು ಸರಿಯೇ.

ಮನೆಗೆ ಬಂದು ಊಟಕ್ಕೆ ಕೂತೆ, ಅನ್ನ ಕಲಸಿ ಹಾಗೇ ಬಿಟ್ಟೆ. ನನ್ನ ಹೆಂಡತಿ ವಿಲ್ಮಾ ತಟ್ಟೆ ನೋಡಿದಳು, ಮುಖ ನೋಡಿದಳು. "ಸಹಮ್ ತೋಟ ನೆನಪಾಯ್ತಾ?" ಎಂದು ಕೇಳಿದಳು. ಹೂಂ ಅಂದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು. ನಾಲ್ಕು ವರ್ಷವಾಯಿತು, ಇನ್ನೂ ಹೀಗೆಯೇ. ಸರಿಯಾಗಿ ಯಾರ ಹತ್ತಿರವೂ ಹೇಳಿಕೊಳ್ಳದ ಆ ಒಂದು ಚಳಿಗಾಲವನ್ನು ಬರೆದಾದರೂ ಇಡೋಣ ಅಂತ ಕೂತಿದ್ದೇನೆ.

ನನ್ನ ಕೈಗೆ ಬಿಲ್ಲು ಬಂದದ್ದು ಡಗ್ ಎಂಬ ಕೆನಡಾದ ಇಂಜಿನಿಯರನಿಂದ. ಐದು ವರ್ಷ ನಮ್ಮ ಕಂಪನಿಯಲ್ಲಿದ್ದ. ಅವನ ಊರಿನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಒಂದು ಕಾಲ ಇದೆಯಂತೆ, ಎಲೆ ಉದುರುವ ಹೊತ್ತಿಗೆ. ಆ ತಿಂಗಳು ಬಂದರೆ ಸಾಕು, ಇಲ್ಲಿ ಮಸ್ಕತ್ತಿನ ಬಿಸಿಲಿನಲ್ಲೂ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶನಿವಾರ ಶನಿವಾರ ಒಂದು ಕ್ಲಬ್ಬಿನ ಹಿಂದಿನ ಖಾಲಿ ಜಾಗದಲ್ಲಿ ಗುರಿ ಹಲಗೆಗೆ ಬಾಣ ಬಿಡುತ್ತಿದ್ದ, ನನಗೂ ಕಲಿಸಿದ. ಬಿಡುವುದಕ್ಕಿಂತ ಹೆಚ್ಚು ಬಿಟ್ಟ ಮೇಲಿನದ್ದನ್ನು ಹೇಳುತ್ತಿದ್ದ. ಬಾಣ ತಾಗಿದ ಜಿಂಕೆಯ ಹಿಂದೆ ಓಡಬಾರದು. ಅರ್ಧ ಗಂಟೆ ಕೂತಲ್ಲೇ ಕೂತಿರಬೇಕು. ಹೆದರಿಸದಿದ್ದರೆ ಅದು ಹತ್ತಿರದಲ್ಲೇ ಮಲಗಿ ಸಾಯುತ್ತದೆ, ಬೆನ್ನು ಹತ್ತಿದರೆ ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆ. ಊರಿಗೆ ಹೋಗುವಾಗ ಬಿಲ್ಲನ್ನು ನನಗೇ ಕೊಟ್ಟು ಹೋದ. ಜೀವ ಇರುವ ಯಾವುದಕ್ಕೂ ನಾನು ಅದನ್ನು ಎತ್ತುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ನಮ್ಮ ಕಫೀಲ್, ಅಂದರೆ ಕಂಪನಿಯ ಒಮಾನಿ ಮಾಲೀಕ, ಬದರ್ ನನ್ನನ್ನು ಕ್ಯಾಬಿನ್ನಿಗೆ ಕರೆದ. ಅವನ ತಂದೆ ತೀರಿಹೋಗಿ ವರ್ಷವಾಗಿತ್ತು. ಮುದುಕರಿಗೆ ಸಹಮ್‌ನಲ್ಲಿ ಸಮುದ್ರದ ಹತ್ತಿರ ಒಂದು ತೋಟ, ಅದರಲ್ಲಿ ಬೇಲಿ ಹಾಕಿ ಸಾಕಿದ ಚುಕ್ಕೆ ಜಿಂಕೆಗಳು. ನಮ್ಮ ದೇಶದ್ದೇ ಜಾತಿ. ಯಾವ ಕಾಲದಲ್ಲೋ ಎರಡು ಜೋಡಿ ತರಿಸಿದ್ದರಂತೆ, ಬೆಳೆದು ಬೆಳೆದು ನಲವತ್ತೆರಡಾಗಿದ್ದವು. ಬಾವಿಯ ನೀರು ವರ್ಷ ವರ್ಷ ಉಪ್ಪಾಗಿ ಹುಲ್ಲೇ ಏಳುತ್ತಿರಲಿಲ್ಲ. ಅರ್ಧ ಕಡಿಮೆ ಮಾಡಬೇಕು ಅಂತ ಬಲೆ ಹಾಕಿಸಿದ್ದ. ಜಿಂಕೆ ಬಲೆಯಲ್ಲಿ ಗಾಬರಿಯಾದರೆ ಕೇಳಬೇಡಿ. ನಾಲ್ಕು ಬೇಲಿಗೆ ಗುದ್ದಿ ಕತ್ತು ಮುರಿದುಕೊಂಡಿದ್ದವು. ಸುತ್ತ ಮನೆಗಳು ಇರುವುದರಿಂದ ಕೋವಿ ಆಗುವುದಿಲ್ಲ.

"ನಿನ್ನ ಬಿಲ್ಲಿಗೆ ಸದ್ದಿಲ್ಲ ಅಲ್ಲವಾ?" ಎಂದು ಬದರ್ ಹಿಂದಿಯಲ್ಲಿ ಕೇಳಿದ. "ಮೂವತ್ತೆಂಟು ಇವೆ. ಚಳಿಗಾಲ ಮುಗಿಯುವುದರೊಳಗೆ ಹತ್ತೊಂಬತ್ತಾಗಬೇಕು. ಆಗದಿದ್ದರೆ ಒಬ್ಬ ದಲ್ಲಾಳಿ ಇದ್ದಾನೆ, ಎಲ್ಲವನ್ನೂ ಜೀವಂತ ಟ್ರಕ್ಕಿನಲ್ಲಿ ತುಂಬಿಕೊಂಡು ಹೋಗುತ್ತಾನೆ. ತೋಟ ಖಲಾಸ್, ಅದನ್ನು ನೋಡಿಕೊಳ್ಳುವ ಹಮ್ಜಾ ಊರಿಗೆ. ಅರ್ಧ ಆದರೆ ಉಳಿದದ್ದೂ ಇರುತ್ತದೆ, ಹಮ್ಜಾನೂ ಇರುತ್ತಾನೆ. ನನ್ನ ಮಾತು."

ಬೇಕಾದ ಕಾಗದಪತ್ರ ಅವನೇ ಮಾಡಿಸಿದ. ಈ ದೇಶದಲ್ಲಿ ಗುಡ್ಡದ ಪ್ರಾಣಿ ಮುಟ್ಟಿದರೆ ಜೈಲು, ಇವು ಬೇಲಿಯೊಳಗಿನ ಸಾಕಿದವು, ಕುರಿಯ ಹಾಗೆ. ಊರಲ್ಲಾದರೆ ಇದೇ ಜಿಂಕೆ ಮುಟ್ಟಿದರೂ ಜೈಲೇ. ನಾನು ಒಪ್ಪಿಕೊಂಡೆ. ಕಫೀಲ್ ಹೇಳಿದ್ದಕ್ಕೆ ಒಪ್ಪಿದೆ ಅಂತ ವಿಲ್ಮಾಳಿಗೆ ಹೇಳಿದ್ದು ಅರ್ಧ ಸತ್ಯ. ಹಲಗೆಗೆ ಬಾಣ ಬಿಟ್ಟು ಬಿಟ್ಟು ನನಗೆ ಸಾಕಾಗಿತ್ತು, ಉಳಿದರ್ಧ ಅದು.

ಬದರನ ಹಮ್ಜಾ ನನಗೆ ಹಮ್ಜಾಕ, ಹಿರಿಯರನ್ನು ಕಾಕ ಅನ್ನುವ ಹಾಗೆ, ಬಿ.ಸಿ. ರೋಡಿನ ಕಡೆಯ ಬ್ಯಾರಿ. ಆ ತೋಟದಲ್ಲಿ ಇಪ್ಪತ್ತಾರು ವರ್ಷ. ಅರವತ್ತು ದಾಟಿತ್ತು, ಮಂಡಿ ನೋವು, ಮಾತಿಗೊಮ್ಮೆ ಕೆಮ್ಮು. ತಲೆಗೆ ಒಮಾನಿಗಳ ಕಸೂತಿ ಟೋಪಿ, ಸೊಂಟಕ್ಕೆ ನಮ್ಮ ಕಡೆಯ ಚೌಕುಳಿ ಲುಂಗಿ. ಊರಿನಲ್ಲಿ ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೊದಲ ಶುಕ್ರವಾರ ಬೆಳಿಗ್ಗೆ ನಾನು ಕಾರಿನ ಡಿಕ್ಕಿಯಿಂದ ಬಿಲ್ಲು ತೆಗೆಯುವಾಗ ದೂರದಲ್ಲೇ ನಿಂತು ನೋಡಿದರು.

"ಹೆಸರೆಂತ?"

"ಲ್ಯಾನ್ಸಿ. ಮೂಡುಬಿದಿರೆ ಹತ್ತಿರ."

"ಮೂಡುಬಿದಿರೆಯವನಿಗೆ ಇದೆಂತ ಕೆಲಸ ಮಾರಾಯ? ಆಫೀಸು ಇಲ್ವಾ ನಿನಗೆ?"

"ಉಂಟು. ಇದೂ ಆಫೀಸಿನವರೇ ಹೇಳಿದ್ದು."

"ಹಾಗಾದ್ರೆ ನಾವಿಬ್ರೂ ಒಂದೇ" ಎಂದು ಹೇಳಿ ಚಹಾ ಮಾಡಲು ಹೋದರು. ಲೋಟವನ್ನು ದೂರದಲ್ಲೇ ಇಟ್ಟು ಹೋದರು. ಚಹಾಕ್ಕೆ ಸಕ್ಕರೆ ಮಾತ್ರ ಧಾರಾಳ ಹಾಕಿದ್ದರು.

ಅವರು ಜಿಂಕೆಗಳನ್ನು ಕರೆಯುವುದನ್ನು ಆ ಸಂಜೆ ನೋಡಿದೆ. ಬಕೆಟ್ಟಿನಲ್ಲಿ ಹಿಂಡಿ, ಜೋಳ, ಕಂಕುಳಲ್ಲಿ ಹೊರಗಿನಿಂದ ತರಿಸಿದ ಹಸಿ ಗತ್‌ನ ಒಂದು ಕಟ್ಟು. ಮೇವಿನ ತೊಟ್ಟಿ, ಅವರ ಬಾಯಲ್ಲಿ ಬಾನೆ, ಅದರ ಪಕ್ಕ ನಿಂತು "ಬಾ ಮೋಲೆ, ಬಾ, ಬಾ" ಎಂದು ತಮ್ಮ ಬ್ಯಾರಿ ಮಾತಿನಲ್ಲಿ, ಮಗಳನ್ನು ಕರೆಯುವ ಹಾಗೆ. ಒಂದೇ ಸಲ ಕರೆದದ್ದು. ಖರ್ಜೂರದ ಮರಗಳ ಸಂದಿಯಿಂದ ಮೂವತ್ತೆಂಟೂ ಹೊರಟು ಬಂದವು. ಮುಂದೆ ಒಂದು ಹೆಣ್ಣು, ಮೂರು ವರ್ಷದ್ದು. ತಾಯಿ ಸತ್ತ ಮರಿಯನ್ನು ಇವರೇ ಬಾಟಲಿ ಹಾಲು ಕೊಟ್ಟು ಪಂಪ್ ರೂಮಿನಲ್ಲಿ ಬೆಳೆಸಿದ್ದರು. ಕುಂಞಿ ಅಂತ ಹೆಸರು. ಅದೊಂದು ಮಾತ್ರ ಅವರ ಲುಂಗಿಗೆ ಮೂಗು ಒರೆಸಿ ನಿಲ್ಲುತ್ತಿತ್ತು, ಬೇರೆಯವು ಎರಡು ಮಾರು ದೂರ ನಿಂತು ತಿನ್ನುತ್ತಿದ್ದವು.

ಬಾನೆಯಿಂದ ಹದಿನೈದು ಹೆಜ್ಜೆ ದೂರದಲ್ಲಿ ಒಣಗರಿಯ ಗುಡಿಸಲೊಂದು ಮೊದಲಿಂದಲೇ ಇತ್ತು. ಅದರೊಳಗೆ ನಾನು. ಕಡಲಿನ ಗಾಳಿ ನನ್ನ ವಾಸನೆಯನ್ನು ಹಿಂದಕ್ಕೆ ಒಯ್ಯುತ್ತಿತ್ತು. ಮಾರನೆಯ ಬೆಳಿಗ್ಗೆ ಹಮ್ಜಾಕ ಹಿಂಡಿ ಸುರಿದು ಒಳಗೆ ಹೋದ ಮೇಲೆ ಒಂದು ವಯಸ್ಸಾದ ಗಂಡಿಗೆ ಬಾಣ ಬಿಟ್ಟೆ. ಅದು ನೆಗೆದು ಮರಗಳೊಳಗೆ ಹೋಯಿತು. ಡಗ್ ಹೇಳಿದ ಹಾಗೆ ಅರ್ಧ ಗಂಟೆ ಕೂತೆ. ಹೋಗಿ ನೋಡುವಾಗ ಅರವತ್ತು ಹೆಜ್ಜೆ ದೂರದಲ್ಲಿ ಮಲಗಿತ್ತು, ನಿದ್ದೆ ಹೋದ ಹಾಗೆ. ಒಳ್ಳೆಯ ಸಾವು ಅಂತ ಅನ್ನಿಸಿ ಕಣ್ಣು ಒದ್ದೆಯಾಯಿತು. ಖುಷಿಯೂ ಆಯಿತು. ಎರಡೂ ಒಟ್ಟಿಗೇ ಬಂದವು, ಸುಳ್ಳು ಹೇಳುವುದಿಲ್ಲ.

ಹಮ್ಜಾಕ ಕತ್ತಿ ಹಿಡಿದು ಬಂದವರು ಅದರ ಕಣ್ಣು ಮುಟ್ಟಿ ನೋಡಿ ಕತ್ತಿಯನ್ನು ಹಾಗೇ ಇಟ್ಟುಬಿಟ್ಟರು.

"ಎಷ್ಟು ಹೊತ್ತಾಯ್ತು ಸತ್ತು?"

"ಇಪ್ಪತ್ತೈದು ನಿಮಿಷ ಆಗಿರಬಹುದು."

"ಮತ್ತೆ ನೀನೆಂತ ಮಾಡ್ತಿದ್ದೆ ಅಲ್ಲಿ ಕೂತು?"

ಹೇಳಿದೆ. ಅವರು ಕೇಳಿಸಿಕೊಂಡರು. "ಕಾಡಿನ ಬೇಟೆಗೆ ಬೇರೆ ಲೆಕ್ಕ, ಲ್ಯಾನ್ಸಿ. ಇದು ಸಾಕಿದ್ದು. ಸಾಕಿದ್ದಕ್ಕೆ ಜೀವ ಇರುವಾಗ ಅಲ್ಲಾಹನ ಹೆಸರು ಹೇಳಿ ಕತ್ತಿ ಇಡ್ಬೇಕು. ಸತ್ತ ಮೇಲೆ ಕೊಯ್ದ್ರೆ ಹರಾಮ್. ಯಾರೂ ತಿನ್ಲಿಕ್ಕಿಲ್ಲ. ಮಣ್ಣು ಮಾಡ್ಬೇಕು."

ಮಣ್ಣು ಮಾಡಿದೆವು. ಉಪ್ಪು ಹಿಡಿದ ನೆಲ, ಪಿಕಾಸಿ ಹಾಕಿದರೆ ಕೈ ಜುಮ್ಮೆನ್ನುತ್ತಿತ್ತು. ಮುಂದಿನ ವಾರ ಇನ್ನೊಂದು. ಈ ಸಲ ಅವರು ಕಾಯದೆ ಕತ್ತಿ ಹಿಡಿದು ಓಡಿದರು. ಬಾಣ ಹೊತ್ತ ಜಿಂಕೆ ಓಡುವ ಮನುಷ್ಯನನ್ನು ಕಂಡು ಎದ್ದು ಬೇಲಿಯುದ್ದಕ್ಕೂ ಓಡಿತು, ಮೂರು ಸುತ್ತು. ಕೊನೆಗೆ ಬೇಲಿಗೆ ಬಿದ್ದು ಸತ್ತಿತು, ಅವರು ತಲುಪುವ ಮೊದಲು. ಅದರ ಮರುದಿನದ್ದೂ ಹಾಗೆಯೇ. ನನ್ನ ನಿಯಮ ಕಾಯು ಅನ್ನುತ್ತದೆ, ಅವರ ನಿಯಮ ತಡಮಾಡಬೇಡ ಅನ್ನುತ್ತದೆ. ಎರಡರ ನಡುವೆ ಮೂರು ಪ್ರಾಣಿ ಮಣ್ಣಿಗೆ ಹೋದವು. ಮಾಂಸವನ್ನು ಅಕ್ಕಪಕ್ಕದ ಮನೆಗಳಿಗೆ, ಕೆಲಸದವರ ಕ್ಯಾಂಪಿಗೆ ಹಂಚಬೇಕೆಂದು ಬದರ್ ಹೇಳಿದ್ದ. ಅದಕ್ಕಿಂತ ಹಮ್ಜಾಕನಿಗೆ ತಡೆಯಲಾಗದೆ ಹೋದದ್ದು ಬೇರೆ. "ಇಪ್ಪತ್ತಾರು ವರ್ಷ ತಿನ್ಸಿದ್ದು ಹುಳಕ್ಕೆ ಹಾಕ್ಲಿಕ್ಕಾ?" ಎಂದು ಪಿಕಾಸಿ ಎಸೆದು ಕೂತರು. ಮುದುಕ ಅಳುತ್ತಾರೆ ಅಂತ ನಾನು ಬೇರೆ ಕಡೆ ನೋಡಿದೆ.

ಆ ದಿನ ಮಧ್ಯಾಹ್ನ ಅನ್ನ ಮೀನು ಸಾರು ತಿನ್ನುತ್ತಾ ಅವರೇ ದಾರಿ ಹೇಳಿದರು.

"ನಾನು ಅಲ್ಲೇ ನಿಂತಿರ್ತೇನೆ. ಬಕೆಟ್ಟಿನೊಳಗೆ, ಹಿಂಡಿಯಡಿ ಕತ್ತಿ. ನೀನು ಬಾಣ ಬಿಟ್ಟದ್ದು ಅದಕ್ಕೆ ಗೊತ್ತಾಗುದಿಲ್ಲ, ಎಂತದೋ ಕಚ್ಚಿದ ಹಾಗೆ ಆಗ್ತದೆ ಅಷ್ಟೇ. ನಾನು ಕರೀತಾ ಇದ್ರೆ ಓಡುದಿಲ್ಲ. ನನ್ನ ಸ್ವರ ಕೇಳಿದ್ರೆ ನಿಲ್ತದೆ."

"ನಿಮ್ಮಿಂದ ಆಗ್ತದಾ ಹಮ್ಜಾಕ?"

"ಆಗದಿದ್ರೆ ಎಲ್ಲ ಟ್ರಕ್ಕಿಗೆ ಹೋಗ್ತಾವೆ. ಆ ದಲ್ಲಾಳಿ ತುಂಬುದು ನಾನು ನೋಡಿದ್ದೇನೆ, ಒಂದರ ಮೇಲೊಂದು. ಹತ್ತೊಂಬತ್ತಾದ್ರೂ ಇಲ್ಲಿ ಉಳೀಲಿ. ನಾನೂ ಎಲ್ಲಿಗೆ ಹೋಗುದು ಈ ಪ್ರಾಯದಲ್ಲಿ?"

ನಾನು ಮೀನಿನ ಮುಳ್ಳು ತೆಗೆಯುತ್ತಿದ್ದೆ. ಆಗಲಿ ಅಂದೆ.

ಅದು ನಡೆಯಿತು. ಎಷ್ಟು ಸರಿಯಾಗಿ ನಡೆಯಿತೆಂದರೆ ಈಗ ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕುಂಞಿಯನ್ನು ಪಂಪ್ ರೂಮಿಗೆ ಹಾಕಿ ಚಿಲಕ ಇಡುವುದು. ಹಮ್ಜಾಕ ಬಾನೆಯ ಹತ್ತಿರ ನಿಂತು ಕರೆಯುವುದು. ಅವು ಬಂದು ಬಾಯಿ ಹಾಕುವುದು. ಯಾವುದೆಂದು ಹಿಂದಿನ ದಿನವೇ ಹೇಳಿರುತ್ತಿದ್ದರು, ಮುದಿ ಗಂಡು, ಮರಿ ಹಾಕದ ಹೆಣ್ಣು. ಅದು ನನಗೆ ಅಡ್ಡ ತಿರುಗುವವರೆಗೆ ಕಾದು ಹೆದೆ ಬಿಡುವುದು. ಜಿಂಕೆ ಒಮ್ಮೆ ನೆಗೆಯುತ್ತದೆ, ಬೆಚ್ಚಿ ಕತ್ತೆತ್ತುತ್ತದೆ. "ಬಾ ಮೋಲೆ, ಎಂತ ಇಲ್ಲ, ಬಾ" ಎಂಬ ಸ್ವರ ನಿಲ್ಲುವುದೇ ಇಲ್ಲ. ಅದು ಆ ಸ್ವರದ ಕಡೆಗೇ ನಾಲ್ಕು ಹೆಜ್ಜೆ ಬಂದು ಮಂಡಿಯೂರುತ್ತದೆ. ಅವರು ನಡೆದು ಹೋಗುತ್ತಾರೆ, ಓಡುವುದಿಲ್ಲ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿ ಸವರಿ, ಹೆಸರು ಹೇಳಿ, ಕತ್ತಿ ಎಳೆಯುತ್ತಾರೆ. ಉಳಿದವು ಸ್ವಲ್ಪ ಆಚೆ ಸರಿದು ನಿಂತು ನೋಡುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ತಿನ್ನುತ್ತವೆ.

ನವೆಂಬರ್ ಕಳೆಯಿತು, ಡಿಸೆಂಬರ್ ಬಂತು. ವಾರಕ್ಕೆ ಒಂದು, ಕೆಲವು ವಾರ ಎರಡು. ಅಲ್ ಗುಬ್ರಾದ ಫ್ಲ್ಯಾಟಿನಿಂದ ಶುಕ್ರವಾರ ನಸುಕಿನಲ್ಲಿ ಹೊರಟರೆ ಶನಿವಾರ ಸಂಜೆ ಹಿಂದೆ. ಇಲ್ಲಿ ರಜೆ ಶುಕ್ರವಾರವಾದ್ದರಿಂದ ಇಗರ್ಜಿಯಲ್ಲಿ ವಾರದ ಪೂಜೆಯೂ ಅವತ್ತೇ, ಅದು ತಪ್ಪಿತು, ಒಂದಲ್ಲ, ಸಾಲಾಗಿ ಎಂಟು ಹತ್ತು. "ನತಾಲಿಗಾದ್ರೂ ಇಗರ್ಜಿಗೆ ಬರ್ತೀರಾ, ಅಲ್ಲ ಅಲ್ಲಿಯೂ ಬಿಲ್ಲು ತರ್ತೀರಾ?" ಎಂದಳು ವಿಲ್ಮಾ, ಕ್ರಿಸ್ಮಸ್ ಹತ್ತಿರ ಬಂದಾಗ. ಒಮ್ಮೆ ಬದರ್ ಒತ್ತಾಯ ಮಾಡಿ ಕೊಟ್ಟ ತೊಡೆಯ ಮಾಂಸ ತಂದಿದ್ದೆ. ಅವಳು ಅದನ್ನು ತೊಳೆಯಲೂ ಇಲ್ಲ, ಕೆಳಗಿನ ಫ್ಲ್ಯಾಟಿನವರಿಗೆ ಕೊಟ್ಟು ಬಂದಳು. ಮಗಳು ರಿಯಾಗೆ ಆಗ ಹನ್ನೆರಡು. ಹೋಮ್‌ವರ್ಕ್ ಬಿಟ್ಟು ತಲೆಯೆತ್ತಿ "ಡಾಡಾ, ಡಸ್ ಇಟ್ ಸೀ ಯೂ?" ಎಂದು ಕೇಳಿದಳು. ಇಲ್ಲ ಪುಟ್ಟಾ, ನಾನು ಗುಡಿಸಲೊಳಗೆ ಇರ್ತೇನೆ, ಅದಕ್ಕೆ ಕಾಣುವುದಿಲ್ಲ ಅಂದೆ. ಅವಳು "ಓಕೆ" ಅಂದು ಪುಸ್ತಕಕ್ಕೆ ತಿರುಗಿದಳು. ಆ ಓಕೆ ನನಗೆ ಇಷ್ಟವಾಗಲಿಲ್ಲ.

ಬೇಡವೆನ್ನಿಸುತ್ತಿರಲಿಲ್ಲವಾ ಅಂತ ಯಾರಾದರೂ ಕೇಳಬಹುದು. ಅನ್ನಿಸುತ್ತಿತ್ತು, ಪ್ರತಿ ಶನಿವಾರ ಹಿಂದೆ ಬರುವಾಗ, ದಾರಿಯಲ್ಲಿ ಬರ್ಕಾ ಊರು ದಾಟುವ ತನಕ. ಬುಧವಾರ ಬಂದರೆ ಮತ್ತೆ ಕೈ ತುರಿಸುತ್ತಿತ್ತು. ಬಾಲ್ಕನಿಯಲ್ಲಿ ನಿಂತು ಬರಿ ಹೆದೆ ಎಳೆದು ನೋಡುತ್ತಿದ್ದೆ. ಹದಿಮೂರು ವರ್ಷ ಕಂಪ್ರೆಸರ್ ಆರ್ಡರ್ ಮಾಡಿದ ಮನುಷ್ಯನಿಗೆ ಒಂದು ಕೆಲಸ ಇಷ್ಟು ಚೆನ್ನಾಗಿ ಬರುತ್ತದೆಂದರೆ ಬಿಡುವುದು ಸುಲಭವಲ್ಲ. ಒಂದು ಬಾಣ ಕೂಡ ತಪ್ಪಲಿಲ್ಲ. ಜಂಬದಿಂದ ಡಗ್‌ಗೆ ವಾಟ್ಸಾಪಿನಲ್ಲಿ ಬರೆದೆ, ಹೀಗೆ ಹೀಗೆ, ಸಾಕಿದವನ ಸ್ವರ, ಒಂದೂ ಓಡುವುದಿಲ್ಲ ಅಂತ. ಭೇಷ್ ಅನ್ನುತ್ತಾನೆ ಅಂತ ಕಾದೆ. ಒಂದೇ ಸಾಲು ಬಂತು. ಉಳಿದವು ನೋಡುತ್ತಿವೆ, ಆ ಮನುಷ್ಯನಿಗೆ ಹೇಳು.

ನಾನು ಹೇಳಲಿಲ್ಲ.

ಹೇಳದೆ ಇದ್ದುದಕ್ಕೆ ಕಾರಣ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಹೇಳಿದರೆ ಅವರು ನಿಲ್ಲಿಸುತ್ತಿದ್ದರು, ಲೆಕ್ಕ ಮುಗಿಯುತ್ತಿರಲಿಲ್ಲ, ಟ್ರಕ್ಕು ಬರುತ್ತಿತ್ತು. ಅದೆಲ್ಲ ನಿಜ. ಆದರೆ ನಿಲ್ಲಿಸುವುದು ನನಗೆ ಬೇಡವಾಗಿತ್ತು, ಅದೂ ನಿಜ. ಡಿಸೆಂಬರ್ ಕೊನೆಗೆ ಒಂದು ಕರೆಗೆ ಬರುತ್ತಿದ್ದವು ಮೂರು ಕರೆಗೆ ಬರತೊಡಗಿದವು. ಒಂದು ಹೆಣ್ಣು ಮರದ ಸಂದಿಯಲ್ಲೇ ನಿಂತು ಮುಂಗಾಲಿನಿಂದ ನೆಲ ಬಡಿಯುತ್ತಿತ್ತು, ಬರುತ್ತಿರಲಿಲ್ಲ.

"ಇವತ್ತು ತಡ ಮಾಡಿದ್ವು, ನೋಡಿದ್ಯಾ?" ಎಂದರು ಹಮ್ಜಾಕ.

"ಚಳಿ ಅಲ್ವಾ ಹಮ್ಜಾಕ. ಬಿಸಿಲು ಏರದೆ ಏಳುವುದಿಲ್ಲ."

"ಹೌದಾ" ಎಂದರು. ಅವುಗಳ ಜೊತೆ ಇಪ್ಪತ್ತಾರು ಚಳಿಗಾಲ ಕಳೆದವರಿಗೆ ನಾನು ಚಳಿಯ ವಿಷಯ ಹೇಳಿದೆ. ಅವರು ನಂಬಿದರು, ಅಥವಾ ನಂಬಬೇಕು ಅಂತ ಅವರಿಗೂ ಇತ್ತು.

ಜನವರಿ ಕೊನೆಯ ಶನಿವಾರ. ಹದಿನೇಳಾಗಿತ್ತು, ಎರಡು ಉಳಿದಿತ್ತು. ಹಮ್ಜಾಕನಿಗೆ ಹಿಂದಿನ ದಿನದಿಂದ ಜ್ವರ, ಮಂಡಿ ಬಾತುಕೊಂಡಿತ್ತು. ಬಾನೆಯ ತನಕ ನಡೆಯುವುದೇ ಕಷ್ಟ. ಕುಂಞಿಯನ್ನು ನೀನೇ ಒಳಗೆ ಹಾಕು ಅಂದರು. ಹಾಕಿದೆ. ಬೆಳಕು ಬರುತ್ತಿತ್ತು, ನನಗೆ ಅವಸರ. ಬಾಗಿಲು ಎಳೆದುಕೊಂಡೆ, ಚಿಲಕ ಕೂತಿತಾ ಅಂತ ತಿರುಗಿ ನೋಡಲಿಲ್ಲ.

ಆ ಬೆಳಿಗ್ಗೆ ಅವರು ಬಹಳ ಹೊತ್ತು ಕರೆಯಬೇಕಾಯಿತು. ಸ್ವರ ಜ್ವರದಲ್ಲಿ ಒಡೆದಿತ್ತು. ಕೊನೆಗೆ ಏಳೆಂಟು ಬಂದವು, ಅವುಗಳಲ್ಲಿ ನಾವು ಹೇಳಿಟ್ಟಿದ್ದ ದೊಡ್ಡ ಕೊಂಬಿನ ಗಂಡು. ಅದು ಅಡ್ಡ ತಿರುಗಿತು. ಅದರ ಹಿಂದೆ ಏನಿದೆ ಎಂದು ನೋಡಬೇಕು. ಇದು ಡಗ್ ಕಲಿಸಿದ ಎರಡನೆಯ ನಿಯಮ, ಹತ್ತಿರದಿಂದ ಬಿಟ್ಟ ಬಾಣ ಒಂದು ಜಿಂಕೆಯಲ್ಲಿ ನಿಲ್ಲುವುದಿಲ್ಲ. ನಾನು ಕೊಂಬು ನೋಡಿದೆ, ಭುಜದ ಹಿಂದಿನ ಆ ಅಂಗೈ ಅಗಲದ ಜಾಗ ನೋಡಿದೆ, ಬಿಟ್ಟೆ.

ಗಂಡು ನೆಗೆದು ಬದಿಗೆ ಸರಿದಾಗ ಹಿಂದೆ ಕುಂಞಿ ನಿಂತಿತ್ತು. ಬಾಗಿಲು ಮೂಗಿನಿಂದ ನೂಕಿ ಕರೆಗೆ ಬಂದಿತ್ತು, ಆ ಬೆಳಿಗ್ಗೆ ಓಡೋಡಿ ಬಂದದ್ದು ಅದೊಂದೇ ಇರಬೇಕು. ಬಾಣ ಅದರ ಹೊಟ್ಟೆಯಲ್ಲಿ ಅರ್ಧ ನಿಂತಿತ್ತು.

ಹಮ್ಜಾಕ ಕರೆಯುವುದನ್ನು ನಿಲ್ಲಿಸಿದರು. ಅಷ್ಟು ದಿನದಲ್ಲಿ ಮೊದಲ ಸಲ. ಕುಂಞಿ ಅವರನ್ನು ನೋಡಿತು, ಹಿಂಗಾಲು ಕುಸಿಯಿತು, ಎದ್ದಿತು. ಹೊಟ್ಟೆಗೆ ತಾಗಿದರೆ ಬೇಗ ಸಾಯುವುದಿಲ್ಲ, ಒಂದು ದಿನ ಬೇಕಾದರೂ ನರಳುತ್ತದೆ. ಅದು ಅವರಿಗೂ ಗೊತ್ತಿತ್ತು. ಅವರು ನನ್ನ ಗುಡಿಸಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಮಾಮೂಲಿನ ಸ್ವರದಲ್ಲೇ "ಬಾ ಮೋಲೆ" ಎಂದರು. ಅದು ಬಂತು. ಎಳೆದುಕೊಂಡು ಎಳೆದುಕೊಂಡು ಬಂದು ಅವರ ಲುಂಗಿಗೆ ತಲೆ ಒತ್ತಿತು. ಅವರು ಬಕೆಟ್ಟಿನೊಳಗೆ ಕೈ ಹಾಕಿದರು.

ಉಳಿದ ಜಿಂಕೆಗಳೆಲ್ಲ ನೋಡಿದವು. ಮರಗಳ ಸಂದಿಯಿಂದ ಒಂದು ಕಿರುಚು ಕೇಳಿತು, ನೆಲ ಬಡಿಯುತ್ತಿದ್ದ ಆ ಹೆಣ್ಣಿನದ್ದಿರಬೇಕು. ಮಂದೆ ಒಂದೇ ಉಸಿರಿಗೆ ದೂರದ ಬೇಲಿಗೆ ಹೋಗಿ ನಿಂತಿತು.

ಕೊಂಬಿನ ಗಂಡು ಅಷ್ಟರಲ್ಲಿ ಆಚೆ ಬಿದ್ದು ತನ್ನಷ್ಟಕ್ಕೆ ಸತ್ತಿತ್ತು. ಅದನ್ನು ನಾನೊಬ್ಬನೇ ಮಣ್ಣು ಮಾಡಿದೆ. ಕುಂಞಿಗೆ ಹಮ್ಜಾಕ ಜ್ವರದಲ್ಲೇ ಗುಂಡಿ ತೋಡಲು ಕೂತರು, ನನ್ನನ್ನು ಹತ್ತಿರ ಬರಲು ಬಿಡಲಿಲ್ಲ. "ಅದು ಹಲಾಲ್ ಆಯ್ತಲ್ವಾ ಹಮ್ಜಾಕ" ಎಂದೆ ನಾನು. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ, ಏನಾದರೂ ಹೇಳಬೇಕಿತ್ತು.

"ಹಲಾಲೇ. ತಿನ್ನುದು ಯಾರು? ನೀನಾ?"

ಮತ್ತೆ ಸ್ವಲ್ಪ ಹೊತ್ತು ಮಣ್ಣು ಎಳೆದು, "ಹತ್ತೊಂಬತ್ತಾಯ್ತು. ಖಲಾಸ್. ನೀನು ಮನೆಗೆ ಹೋಗು" ಎಂದರು. ನಾನು ಚಿಲಕದ ವಿಷಯ ಹೇಳಿದೆ. ಡಗ್ ಬರೆದ ಸಾಲನ್ನೂ ಹೇಳಿದೆ, ಆಗ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬದರ್ ಮಾತು ಉಳಿಸಿಕೊಂಡ, ಅದನ್ನು ಹೇಳಲೇಬೇಕು. ಮುಂದಿನ ವಾರ ಬಂದು ಎಣಿಸಿ ನೋಡಿ, ಹಮ್ಜಾಕನ ಹೆಗಲು ತಟ್ಟಿ, ನಿನ್ನ ಜೀವ ಇರುವ ತನಕ ಈ ತೋಟ ನಿನ್ನದು ಅಂದ. ಸಿಹಿ ನೀರಿನ ಟ್ಯಾಂಕರ್ ಗೊತ್ತು ಮಾಡಿದ. ನನಗೂ ಶಹಭಾಸ್ ಹೇಳಿದ. ನಾವು ಕೇಳಿದ್ದೆಲ್ಲ ಸಿಕ್ಕಿತು.

ಜಿಂಕೆಗಳು ಮಾತ್ರ ಬರಲಿಲ್ಲ. ಹಮ್ಜಾಕ ಬಾನೆಯ ಹತ್ತಿರ ನಿಂತು ಬಾಯಿ ತೆರೆದರೆ ಸಾಕು, ಹತ್ತೊಂಬತ್ತೂ ಬೇಲಿಯ ಕೊನೆಗೆ ಓಡಿ ಒಂದರ ಮೇಲೊಂದು ಒತ್ತಿ ನಿಲ್ಲುತ್ತಿದ್ದವು. ಕರೆಯದೆ ಹಿಂಡಿ ಸುರಿದು ನೋಡಿದರು, ಅವರ ಆಕಾರ ಕಂಡರೂ ಬರುತ್ತಿರಲಿಲ್ಲ. ಟೋಪಿ ಬದಲಿಸಿದರು, ಲುಂಗಿ ಬಿಟ್ಟು ಪ್ಯಾಂಟು ಹಾಕಿದರು. ಕೆಮ್ಮಿದರೆ ಗೊತ್ತಾಗಿಬಿಡುತ್ತಿತ್ತು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ಪಂಪಿನ ಹತ್ತಿರ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ಆ ಸ್ವರಕ್ಕೇ ಬೆದರಿ ಒಂದು ಬಸುರಿ ಜಿಂಕೆ ಬೇಲಿಗೆ ಗುದ್ದಿ ಸತ್ತಿತು. ಅವತ್ತೇ ಅವರು ನನಗೆ ಫೋನು ಮಾಡಿದರು.

"ಆಫೀಸಿನಲ್ಲಿ ಹೇಳಿ ನನ್ನ ವೀಸಾ ಕ್ಯಾನ್ಸಲ್ ಮಾಡಿಸು. ನಾನು ಹೋಗ್ತೇನೆ."

"ಎಲ್ಲಿಗೆ ಹೋಗ್ತೀರಿ ಹಮ್ಜಾಕ? ಸ್ವಲ್ಪ ದಿನ ಬಿಡಿ, ಮರೀತಾವೆ."

"ಮರೀಲಿಕ್ಕೆ ಅವು ಮನುಷ್ಯರಲ್ಲ. ನಾನಿದ್ರೆ ಇರುದೂ ಸಾಯ್ತಾವೆ. ಅಣ್ಣನ ಮಗ ಇದ್ದಾನೆ, ಒಂದು ಮೂಲೆ ಕೊಡ್ತಾನೆ. ಹೊಸ ಜನಕ್ಕೆ ಕೆಲಸ ತೋರಿಸ್ಬೇಕು, ನೀನು ಶುಕ್ರವಾರ ಬಾ."

ಹೊಸಬ ಬಾಂಗ್ಲಾದೇಶದ ರಫೀಕ್. ಪಾಪದವ, ಜಿಂಕೆಗಳಿಗಿಂತ ಅವನಿಗೇ ಹೆಚ್ಚು ಹೆದರಿಕೆ, ಬಕೆಟ್ ಹಿಡಿದು ಹೋದವ ಕಾಲು ಎಡವಿ ಸದ್ದು ಮಾಡಿ ಹಿಂದೆ ಬಂದ. ಹಮ್ಜಾಕ ಪಂಪ್ ರೂಮಿನೊಳಗೆ, ಗೋಡೆಯ ಮರೆಯಲ್ಲಿ, ಮತ್ತೆ ಹಳೆಯ ಲುಂಗಿಯಲ್ಲೇ, ಒಂದು ಡಬ್ಬದ ಮೇಲೆ ಕೂತಿದ್ದರು. ರಫೀಕನಿಗೆ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳುತ್ತಿದ್ದರು, ಎಷ್ಟು ಹಿಂಡಿ, ಎಷ್ಟು ಜೋಳ, ಮರಿಗೆ ಭೇದಿಯಾದರೆ ಏನು. ಆಮೇಲೆ ನನ್ನ ಕಡೆ ಬಕೆಟ್ ನೂಕಿದರು.

"ನೀನು ಹೋಗಿ ನೋಡು."

"ನಾನಾ?"

"ಹೋಗು. ಕರೀಬೇಡ. ಆ ಮಾತು ಹಾಳಾಗಿದೆ. ಸುಮ್ಮನೆ ನಿಲ್ಲು."

ಹೋಗಿ ಬಾನೆಯ ಪಕ್ಕ ನಿಂತೆ. ಬಿಸಿಲು ಏರಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮರಗಳ ಸಂದಿಯಿಂದ ಒಂದು ಮೂಗು ಕಂಡಿತು, ಮತ್ತೊಂದು. ನಿಂತವು, ಗಾಳಿ ಮೂಸಿದವು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದವು. ನೆಲ ಬಡಿಯುತ್ತಿದ್ದ ಹೆಣ್ಣೂ ಬಂತು. ಒಂದು ಹೆಜ್ಜೆ, ಇನ್ನೊಂದು. ಕೊನೆಗೆ ಒಂದು ಎಳೆಯ ಗಂಡು ಕತ್ತು ಚಾಚಿ ನನ್ನ ಅಂಗೈಯಿಂದಲೇ ಜೋಳ ತಿಂದಿತು, ಹೆದೆ ಎಳೆಯುವ ಕೈ ಅದು. ನಾಲಿಗೆ ಬೆಚ್ಚಗಿತ್ತು. ನನಗೆ ಕೈ ಎಳೆದುಕೊಳ್ಳಬೇಕು ಅನ್ನಿಸಿತು, ಎಳೆದರೆ ಬೆದರುತ್ತದೆ ಅಂತ ಹಾಗೇ ಹಿಡಿದೆ.

ಪಂಪ್ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಹಮ್ಜಾಕನಿಗೆ ಜಿಂಕೆಗಳು ಕಾಣುತ್ತಿರಲಿಲ್ಲ, ನಾವಿಬ್ಬರು ಮಾತ್ರ ಒಬ್ಬರಿಗೊಬ್ಬರು ಕಾಣುತ್ತಿದ್ದೆವು.

"ಬಂದ್ವಾ?" ತುಟಿಯಲ್ಲಷ್ಟೇ ಕೇಳಿದರು.

ನಾನು ತಲೆಯಾಡಿಸಿದೆ.

"ಎಷ್ಟು?"

ಎಲ್ಲ ಅಂತ ಕೈಯಲ್ಲಿ ತೋರಿಸಿದೆ. ಅವರು ನಕ್ಕ ಹಾಗಿತ್ತು. ಗೋಡೆಗೆ ಒರಗಿ, ಕೇಳಿಸಿಯೂ ಕೇಳಿಸದ ಹಾಗೆ, "ನಿನ್ನನ್ನು ಅವು ನೋಡಿಯೇ ಇಲ್ಲ ಅಲ್ವಾ" ಎಂದರು. ಆಮೇಲೆ ಅವರಿಗೆ ಕೆಮ್ಮು ಬಂತು. ಲುಂಗಿಯ ಅಂಚನ್ನು ಬಾಯಿಗೆ ತುರುಕಿ, ಮೇಲಿಂದ ಎರಡೂ ಕೈ ಒತ್ತಿ ಹಿಡಿದು, ನನ್ನ ಬಕೆಟ್ ಖಾಲಿಯಾಗುವ ತನಕ ಹಾಗೆಯೇ ಕೂತಿದ್ದರು.